ಮೇಷ್ಟ್ರಿಗೊಂದು ಪ್ರಶ್ನೆ: ಅಮೆಜಾನ್ ಕಾಡು ಯಾಕ್ ಸಾ ಈ ಕಡೀಕದೆ?

ಪ್ರಶ್ನೆ: ದಕ್ಷಿಣ ಅಮೆರಿಕದ ನಕ್ಷೆ ನೋಡುತ್ತಿದ್ದೆ. ನಮ್ಮ ಪಶ್ಚಿಮ ಘಟ್ಟದ ಹಾಗೆಯೇ ಅಲ್ಲೂ ಪಡುವಣ ಅಂಚಿಗೇ ಆಂಡಿಸ್ ಪರ್ವತಸಾಲು ಇದೆ. ನಮ್ಮಲ್ಲಿ ಘಟ್ಟದ ಆಚೆ ಮಂಗಳೂರಿನ ಕಡೆ ಜಡಿಮಳೆ, ಈಚೆ ಮಂಡ್ಯದಲ್ಲಿ ನಾಲೆ ನಂಬಿದ ಬದುಕು. ಅಲ್ಲಿ ಮಾತ್ರ ಕಡಲ ಕಡೆ ಮರುಭೂಮಿ, ಈಚೆ ದಟ್ಟ ಕಾಡು. ಯಾಕೆ ಹೀಗೆ ಉಲ್ಟಾ?
– ಓದುಗರೊಬ್ಬರು, ಮದ್ದೂರು

ಉತ್ತರ: ಸ್ವಾಮಿ, ನನ್ನ ಹಳೇ ಗಾಯ ಕೆದಕಿಬಿಟ್ಟಿರಿ. ಮಂಡ್ಯ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿದವನು ನಾನು. "ಬೆಟ್ಟದ ಪಡುವಲಿಗೆ ಮಳೆ, ಮೂಡಲಿಗೆ ಮಳೆನೆರಳು" ಅಂತ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದೆ. ಒಂದು ದಿನ ದಕ್ಷಿಣ ಅಮೆರಿಕದ ಗೋಡೆನಕ್ಷೆ ತೂಗುಹಾಕಿ ಇನ್ನೂ ಕೋಲು ಕೈಗೆತ್ತಿಕೊಂಡಿರಲಿಲ್ಲ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಂಗಾರೆ ಅಮೆಜಾನ್ ಕಾಡು ಯಾಕ್ ಸಾ ಈ ಕಡೀಕದೆ?" ಅಂದಳು. "ಕೂತ್ಕೊಳಮ್ಮ, ನಾಳೆ ಹೇಳ್ತೀನಿ" ಅಂದೆ. ಆ ನಾಳೆ ಬರಲು ಒಂದು ವಾರ ಹಿಡಿಯಿತು.

ತಪ್ಪು ನನ್ನ ಮಗ್ಗಿಯಲ್ಲೇ ಇತ್ತು. ಬೆಟ್ಟ ಯಾವ ಕಡೆ ಇದೆ ಅನ್ನುವುದಕ್ಕಿಂತ ಮೊದಲು, ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಕೇಳಬೇಕು. ನಮ್ಮ ಮುಂಗಾರು ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬಂದು ಘಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ. ಆಗುಂಬೆಯಲ್ಲಿ ಹೊರೆ ಇಳಿಸಿ ಮಂಡ್ಯಕ್ಕೆ ಬರುವಷ್ಟರಲ್ಲಿ ಅದರ ಕೈ ಖಾಲಿ. ಅಮೆಜಾನ್ ಸೀಮೆಯಲ್ಲಿ ಗಾಳಿ ಬೀಸುವುದು ಮೂಡಣದಿಂದ. ವಾಣಿಜ್ಯ ಮಾರುತಗಳು ಅಟ್ಲಾಂಟಿಕ್‌ನ ತೇವ ಹೊತ್ತು ಒಳನಾಡಿಗೆ ನುಗ್ಗುತ್ತವೆ. ದಾರಿಯಲ್ಲಿ ಸುರಿದ ಮಳೆಯ ಒಂದು ಪಾಲನ್ನು ಕಾಡೇ ಎಲೆಗಳಿಂದ ಮತ್ತೆ ಆವಿ ಮಾಡಿ ಗಾಳಿಗೆ ವಾಪಸು ಕೊಡುತ್ತದೆ. ಹೀಗೆ ಕೈ ಬದಲಾಯಿಸುತ್ತ ಸಾವಿರಾರು ಕಿಲೋಮೀಟರ್ ಹೋದ ತೇವ ಕೊನೆಗೆ ಆಂಡಿಸ್ ಗೋಡೆಗೆ ತಾಗಿ, ಅದರ ಮೂಡಣ ಮೈಮೇಲೆ ಇಳಿದುಬಿಡುತ್ತದೆ.

ಗೋಡೆಯೂ ಸಾಮಾನ್ಯದ್ದಲ್ಲ. ಉದ್ದ ಸುಮಾರು 7,000 ಕಿ.ಮೀ.; ನಮ್ಮ ಪಶ್ಚಿಮ ಘಟ್ಟ 1,600. ಅರ್ಜೆಂಟೀನಾದ ಅಕೊಂಕಾಗುವಾ ಶಿಖರ 6,961 ಮೀಟರ್. ಏಷ್ಯಾ ಬಿಟ್ಟರೆ ಅಷ್ಟು ಎತ್ತರದ ಬೆಟ್ಟ ಬೇರೆಲ್ಲೂ ಇಲ್ಲ. ಅದನ್ನು ದಾಟಿ ಪೆಸಿಫಿಕ್ ಕಡೆಗೆ ಇಳಿದರೆ ಚಿಲಿ ದೇಶದ ಅಟಕಾಮಾ ಮರುಭೂಮಿ. ಕಡಲು ಪಕ್ಕದಲ್ಲೇ ಇದೆ, ಆದರೆ ಮಳೆ ಇಲ್ಲ. ಯಾಕೆಂದರೆ ಅಂಟಾರ್ಕ್ಟಿಕಾದ ದಿಕ್ಕಿನಿಂದ ಹರಿದುಬರುವ ಹಂಬೋಲ್ಟ್ ಶೀತಪ್ರವಾಹ ಕರಾವಳಿಯ ನೀರನ್ನು ತಣ್ಣಗಿಡುತ್ತದೆ. ಅದರ ಮೇಲಿನ ಗಾಳಿಯೂ ತಣ್ಣಗಾಗಿ ನೆಲಕ್ಕಂಟಿಕೊಂಡೇ ಇರುತ್ತದೆ. ಮೇಲೇಳದ ಗಾಳಿ ಮಂಜಾಗಬಹುದು, ಮಳೆಯಾಗಲಾರದು. ಅಲ್ಲಿನ ಅರಿಕಾ ಎಂಬ ಬಂದರು ಊರಿನಲ್ಲಿ ವರ್ಷದ ಸರಾಸರಿ ಮಳೆ ಒಂದು ಮಿಲಿಮೀಟರೂ ಇಲ್ಲ. ಕೆಲವು ಕಡೆ ಗುಡ್ಡದ ಮೇಲೆ ಬಲೆ ಕಟ್ಟಿ, ಅದಕ್ಕೆ ಅಂಟಿದ ಮಂಜಿನ ಹನಿಯನ್ನು ಡ್ರಮ್ಮಿಗೆ ಇಳಿಸಿಕೊಳ್ಳುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಆಂಡಿಸ್ ಗುಂಟ ತೆಂಕಣಕ್ಕೆ ಹೋಗಿ. ಅಲ್ಲಿ ಗಾಳಿ ಪಡುವಣದ್ದು. ಕೂಡಲೇ ಚಿಲಿಯ ಕಡೆ ಮಳೆಗಾಡು, ಅರ್ಜೆಂಟೀನಾದ ಪೆಟಗೋನಿಯಾ ಒಣ ಬಯಲು. ಥೇಟ್ ನಮ್ಮ ಹಾಗೆ! ಆ ಹುಡುಗಿಗೆ ವಾರದ ನಂತರ ಇದನ್ನೆಲ್ಲ ಹೇಳಿದೆ. "ಗಾಳಿ ತಿರುಗಿದ್ರೆ ಎಲ್ಲಾ ತಿರುಗ್ತದೆ ಅನ್ನಿ" ಅಂದು ಕೂತಳು. ನನ್ನ ಮಗ್ಗಿಗಿಂತ ಅದು ಚೆನ್ನಾಗಿತ್ತು, ಮುಂದಿನ ವರ್ಷದಿಂದ ಅದನ್ನೇ ಹೇಳಿಕೊಟ್ಟೆ.

ಪ್ರಶ್ನೆ: ಅಮೆಜಾನ್ ನದಿಯೂ ನಮ್ಮ ಕಾವೇರಿಯ ಹಾಗೆ ಪಡುವಣದಲ್ಲಿ ಹುಟ್ಟಿ ಮೂಡಣಕ್ಕೆ ಹರಿಯುತ್ತದಂತೆ, ಹೌದೇ? ಎಷ್ಟು ದೊಡ್ಡದು?
– ಶ್ರೀರಂಗಪಟ್ಟಣದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಹೌದಮ್ಮ. ಪೆಸಿಫಿಕ್ ಕಡಲಿಗೆ ಇನ್ನೂರು ಕಿ.ಮೀ. ಆಸುಪಾಸಿನಲ್ಲಿ, ಪೆರು ದೇಶದ ಬೆಟ್ಟಗಳಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನು ಹಾಕಿ ಸುಮಾರು 6,400 ಕಿ.ಮೀ. ಹರಿದು ಅಟ್ಲಾಂಟಿಕ್ ಸೇರುತ್ತದೆ. ಇನ್ನು ಗಾತ್ರ. ಮಂಡ್ಯದವರಿಗೆ ಕ್ಯೂಸೆಕ್ಕಿನಲ್ಲೇ ಹೇಳಬೇಕು. ಕನ್ನಂಬಾಡಿಯಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ನಿಮ್ಮೂರಿನ ಸೇತುವೆ ಮೇಲೆ ಜನ ಜಾತ್ರೆ ಸೇರುತ್ತಾರಲ್ಲ, ಅಮೆಜಾನ್ ಸರಾಸರಿಯಲ್ಲೇ 70 ಲಕ್ಷ ಕ್ಯೂಸೆಕ್ ಮೀರುತ್ತದೆ. ಕಟ್ಟೆಯ ಪೂರ್ತಿ ಸಾಮರ್ಥ್ಯ ಸುಮಾರು 49 ಟಿಎಂಸಿ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ತಳ ಕಂಡ ಕಟ್ಟೆಯನ್ನು ತುಂಬಿಸಲು ಅದಕ್ಕೆ ಎರಡು ಗಂಟೆ ಸಾಕು. ನಾವು ಜೂನಿನಿಂದ ಆಗಸ್ಟಿನವರೆಗೆ ಪೇಪರ್‌ನಲ್ಲಿ ಅಡಿ ಲೆಕ್ಕ ನೋಡುತ್ತ ಕೂರುತ್ತೇವೆ!

ಒಮ್ಮೆ ಶಾಲೆಯ ಅಂಗಳದಲ್ಲಿ ನಾಲೆ ಏರಿಯ ಮಣ್ಣು ತಂದು ಈ ಖಂಡವನ್ನು ಮಾಡಿಸಿದ್ದೆ. ಎಡಗಡೆ ಆಂಡಿಸ್ ದಿಂಡು, ಮೇಲೆ ಗಯಾನಾ, ಬಲಕ್ಕೆ ಬ್ರೆಜಿಲ್ ಪ್ರಸ್ಥಭೂಮಿ, ನಡುವೆ ಬೆರಳಿನಿಂದ ಗೀರಿದ ಅಮೆಜಾನ್. ಹುಡುಗನೊಬ್ಬ ಚೊಂಬಿನಿಂದ ನೀರು ಸುರಿದ. ಹಸಿಮಣ್ಣಿನ ಆಂಡಿಸ್ ಕುಸಿದು ನೀರೆಲ್ಲ ಪೆಸಿಫಿಕ್ ಕಡೆ, ಅಂದರೆ ಹೆಡ್‌ಮಾಸ್ಟರ ಚಪ್ಪಲಿ ಕಡೆ, ಹೊರಟಿತು. ಎಲ್ಲರೂ ನಕ್ಕರು. ನಿಜ ಏನೆಂದರೆ, ಆಂಡಿಸ್ ಇಷ್ಟು ಎತ್ತರಕ್ಕೆ ಏಳುವ ಮುಂಚೆ ಆ ಸೀಮೆಯ ನೀರು ಬಹುಪಾಲು ಪಡುವಣಕ್ಕೇ ಹರಿಯುತ್ತಿತ್ತು. ಪೆಸಿಫಿಕ್ ತಳದ ನಾಜ್ಕಾ ಫಲಕ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ಖಂಡದ ಅಡಿಗೆ ತೂರುತ್ತ ತೂರುತ್ತ ಬೆಟ್ಟ ಮೇಲೆದ್ದಿತು, ನೀರು ಕೆಲಕಾಲ ಜೌಗಾಗಿ ನಿಂತು, ಸುಮಾರು ಒಂದು ಕೋಟಿ ವರ್ಷದ ಹಿಂದೆ ಮೂಡಣಕ್ಕೆ ತಿರುಗಿತು. ಫಲಕ ಈಗಲೂ ತೂರುತ್ತಲೇ ಇದೆ. 1960ರಲ್ಲಿ ಚಿಲಿಯಲ್ಲಿ ಆದ 9.5 ತೀವ್ರತೆಯ ಭೂಕಂಪ ಅದರದ್ದೇ. ಮಾಪನ ಶುರುವಾದ ಮೇಲೆ ಅದಕ್ಕಿಂತ ದೊಡ್ಡದು ದಾಖಲಾಗಿಲ್ಲ.

ಪ್ರಶ್ನೆ: ನಮ್ಮ ಜೋಗಕ್ಕಿಂತ ಎತ್ತರದ ಜಲಪಾತ ಅಲ್ಲಿದೆಯೇ?
– ಓದುಗರು, ನಂಜನಗೂಡು

ಉತ್ತರ: ಇದೆ. ವೆನೆಜುವೆಲಾದ ಏಂಜೆಲ್ ಜಲಪಾತ, 979 ಮೀಟರ್. ಜೋಗ 253. ಬೇಜಾರು ಬೇಡ.

ಪ್ರಶ್ನೆ: ಆಲೂಗಡ್ಡೆಯ ತವರು ಆಂಡಿಸ್ ಅನ್ನುತ್ತಾರೆ. ಅಷ್ಟು ಚಳಿಯಲ್ಲಿ ಬೆಳೆ ಹೇಗೆ?
– ಗೃಹಿಣಿ, ಮೈಸೂರು

ಉತ್ತರ: ಆಂಡಿಸ್‌ನ ಎರಡು ಸಾಲುಗಳ ನಡುವೆ ಆಲ್ಟಿಪ್ಲಾನೊ ಎಂಬ ಎತ್ತರದ ಬಯಲಿದೆ. ಅಲ್ಲಿನ ಟಿಟಿಕಾಕಾ ಸರೋವರದ ನೀರೇ 3,812 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ಹಗಲು ಚುರುಕು ಬಿಸಿಲು, ರಾತ್ರಿ ಕೊರೆಯುವ ಚಳಿ. ಗೆಡ್ಡೆ ಮಣ್ಣಿನೊಳಗೆ ಬೆಚ್ಚಗಿರುತ್ತದೆ. ಕಿತ್ತ ಮೇಲೆ ಅಲ್ಲಿನ ಜನ ಒಂದಷ್ಟನ್ನು ಬಯಲಲ್ಲಿ ಹರವಿ ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸುತ್ತಾರೆ. ಹಗಲು ಮೆತ್ತಗಾದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಮತ್ತೆ ಒಣಗಿಸುತ್ತಾರೆ. ಚುನ್ಯೊ ಎಂದು ಅದರ ಹೆಸರು. ನಮ್ಮ ಸಂಡಿಗೆಯ ಹಾಗೆ ಹಗುರ, ವರ್ಷಗಟ್ಟಲೆ ಕೆಡುವುದಿಲ್ಲ.

ದೇವರಾಜ ಮಾರುಕಟ್ಟೆಯಿಂದ ಎರಡು ಕೆ.ಜಿ. ಹೆಚ್ಚಿಗೆ ತಂದು, ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ನಾನೂ ಪ್ರಯತ್ನಿಸಿದೆ. ತುಳಿಯುವ ಹಂತಕ್ಕೆ ಬಂದಾಗ ನಮ್ಮಾಕೆ ಅಡುಗೆಮನೆಯಿಂದ ಆಚೆ ಕಳಿಸಿದಳು.