18ಎ, 2 ನ್ಯಾನೋಮೀಟರ್ ಎಂದು ಕಾಯುತ್ತಿರುವವರಿಗೆ

ಓದುಗರ ಪತ್ರ: 2 ನ್ಯಾನೋಮೀಟರ್ ಚಿಪ್ ಬರಲಿ ಎಂದು ಲ್ಯಾಪ್‌ಟಾಪ್ ಕೊಳ್ಳುವುದನ್ನು ಎರಡು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಈಗ ಇಂಟೆಲ್‌ನ ಹೊಸ ಚಿಪ್ ತಯಾರಿಕಾ ಪ್ರಕ್ರಿಯೆ 18ಎ ಅಂದರೆ 1.8 ನ್ಯಾನೋಮೀಟರ್, ಹಾಗಾಗಿ ಅದು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 2ಕ್ಕಿಂತಲೂ ಮುಂದು ಅನ್ನುತ್ತಾರೆ. ನಿಜವೇ? ಆರೋ ಲೇಕ್ 3 ನ್ಯಾನೋಮೀಟರ್‌ನದಾಗಿದ್ದರೂ ಆಟಗಳಲ್ಲಿ ತನ್ನ ಹಿಂದಿನ ತಲೆಮಾರಿಗೇ ಸೋತಿತೆಂದು ನೀವೇ ಬರೆದಿದ್ದೀರಿ, ಅದು ಹೇಗೆ? ನನ್ನ ಕೆಲಸ ವಿಡಿಯೊ ಎಡಿಟಿಂಗ್. ಮನೆಯಲ್ಲಿ ಕೋರ್ ಐ5-12400 ಡೆಸ್ಕ್‌ಟಾಪ್ ಇದೆ. ಇಂಟೆಲ್‌ನ ನೋವಾ ಲೇಕ್ ಅಥವಾ ಎಎಂಡಿಯ ಜೆನ್ 6 ಬರುವವರೆಗೆ ಅದರಲ್ಲೇ ದಿನ ತಳ್ಳಲೇ?

ಸಂಪಾದಕರ ಉತ್ತರ:

ಮೊದಲು ನಿಮ್ಮ ಎರಡನೇ ಪ್ರಶ್ನೆ. ಅದು ಬಿಡಿಸಿದರೆ ಉಳಿದದ್ದು ಸಲೀಸು.

2024ರ ಅಕ್ಟೋಬರ್‌ನಲ್ಲಿ ಬಂದ ಆರೋ ಲೇಕ್, ಅಂದರೆ ಡೆಸ್ಕ್‌ಟಾಪಿನ ಕೋರ್ ಅಲ್ಟ್ರಾ 200ಎಸ್, ಒಂದೇ ತುಂಡು ಸಿಲಿಕಾನ್ ಅಲ್ಲ, ಟೈಲ್ ಎಂಬ ಹಲವು ತುಂಡುಗಳ ಜೋಡಣೆ. ಕೋರ್‌ಗಳಿರುವ ಟೈಲ್ ಟಿಎಸ್‌ಎಂಸಿಯ 3 ನ್ಯಾನೋಮೀಟರ್ ಪ್ರಕ್ರಿಯೆಯಾದ ಎನ್3ಬಿಯಲ್ಲಿ ತಯಾರಾದದ್ದು. ಗ್ರಾಫಿಕ್ಸ್ ಟೈಲ್ 5 ನ್ಯಾನೋಮೀಟರ್ ವರ್ಗದ್ದು, ಮೆಮೊರಿ ಕಂಟ್ರೋಲರ್ ಇರುವ ಎಸ್‌ಒಸಿ ಟೈಲ್ 6ರದ್ದು, ಇವೆಲ್ಲ ಕೂರುವ ತಳದ ಟೈಲ್ ಇಂಟೆಲ್‌ನದೇ 22 ನ್ಯಾನೋಮೀಟರ್ ವರ್ಗದ್ದು. ಹಿಂದಿನ 14ನೇ ತಲೆಮಾರಿನಲ್ಲಿ ಕೋರ್‌ಗಳೂ ಮೆಮೊರಿ ಕಂಟ್ರೋಲರ್ರೂ ಒಂದೇ ತುಂಡಿನಲ್ಲಿದ್ದವು. ಹೊಸದರಲ್ಲಿ ರ‍್ಯಾಮಿಗೆ ಹೋಗುವ ಪ್ರತಿ ಕೋರಿಕೆಯೂ ಟೈಲಿನಿಂದ ಟೈಲಿಗೆ ದಾಟಬೇಕು. ಆಟಗಳು ಸಣ್ಣ ಸಣ್ಣ ದತ್ತಾಂಶಕ್ಕಾಗಿ ಎಡೆಬಿಡದೆ ರ‍್ಯಾಮ್ ಮುಟ್ಟುವುದರಿಂದ ಆ ವಿಳಂಬ ನೇರ ಫ್ರೇಮ್ ದರದಲ್ಲಿ ಕಾಣುತ್ತದೆ. ಜತೆಗೆ ಗರಿಷ್ಠ ಗಡಿಯಾರ ವೇಗವೂ ಇಳಿಯಿತು: 14900ಕೆಯಲ್ಲಿ 6.0 ಗಿಗಾಹರ್ಟ್ಸ್, 285ಕೆಯಲ್ಲಿ 5.7. ವಿದ್ಯುತ್ ಬಳಕೆ ಮಾತ್ರ ಗಮನಾರ್ಹವಾಗಿ ತಗ್ಗಿತು. ಪ್ರಕ್ರಿಯೆ ತನ್ನ ಕೆಲಸ ಮಾಡಿತ್ತು, ಆ ಗಳಿಕೆಯನ್ನು ಚಿಪ್ಪಿನ ಜೋಡಣೆ ತಿಂದುಹಾಕಿತು. ಮರುತಿಂಗಳೇ ಎಎಂಡಿಯ ರೈಜನ್ 7 9800ಎಕ್ಸ್3ಡಿ ಬಂತು. ಅದರ ಕೋರ್‌ಗಳು 4 ನ್ಯಾನೋಮೀಟರ್‌ನವು, ಆದರೆ ಕೋರ್‌ಗಳ ಅಡಿಯಲ್ಲಿ 64 ಎಂಬಿ ಹೆಚ್ಚುವರಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಇಟ್ಟು, ಅದರ ಎಲ್3 ಎಂಬ ಹಂತವನ್ನು ಒಟ್ಟು 96 ಎಂಬಿಗೆ ಏರಿಸಿದ್ದರು. ಆಟಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಅದೇ.

ಇನ್ನು 18ಎ 1.8 ನ್ಯಾನೋಮೀಟರೇ ಎಂಬ ಪ್ರಶ್ನೆ. ಅಲ್ಲ. ಟಿಎಸ್‌ಎಂಸಿಯ 2 ಕೂಡ 2 ನ್ಯಾನೋಮೀಟರ್ ಅಲ್ಲ. 5 ನ್ಯಾನೋಮೀಟರ್ ಅನ್ನಿಸಿಕೊಳ್ಳುವ ಪ್ರಕ್ರಿಯೆಯಲ್ಲಿ ಒಂದು ಗೇಟಿನಿಂದ (ಟ್ರಾನ್ಸಿಸ್ಟರನ್ನು ಆನ್, ಆಫ್ ಮಾಡುವ ಭಾಗ) ಪಕ್ಕದ ಗೇಟಿಗಿರುವ ದೂರ ಸುಮಾರು 50 ನ್ಯಾನೋಮೀಟರ್. 3ರಲ್ಲಿ ಅದು 45ರಿಂದ 48ರ ಆಸುಪಾಸು. ಹೆಸರಿನ ಸಂಖ್ಯೆಗೆ ಹೊಂದುವ ಅಳತೆ ಚಿಪ್ಪಿನಲ್ಲಿ ಎಲ್ಲೂ ಇಲ್ಲ. 2021ರಲ್ಲಿ ಇಂಟೆಲ್ ತನ್ನ 10 ನ್ಯಾನೋಮೀಟರಿನ ಸುಧಾರಿತ ರೂಪಕ್ಕೆ ಇಂಟೆಲ್ 7 ಎಂದು ಹೆಸರು ಬದಲಿಸಿದ್ದು ನೆನಪಿರಬಹುದು. ಒಂದೇ ಕಂಪನಿಯ ಎರಡು ಪ್ರಕ್ರಿಯೆಗಳನ್ನು ಹೋಲಿಸಲು ಈ ಸಂಖ್ಯೆ ತಕ್ಕಮಟ್ಟಿಗೆ ನೆರವಾಗುತ್ತದೆ. ಎರಡು ಕಂಪನಿಗಳ ನಡುವೆ ಅದಕ್ಕೆ ಬೆಲೆಯಿಲ್ಲ. ಲಾಜಿಕ್, ಅಂದರೆ ಲೆಕ್ಕ ಮಾಡುವ ಭಾಗದ, ಟ್ರಾನ್ಸಿಸ್ಟರ್‌ಗಳ ಸಾಂದ್ರತೆಯಲ್ಲಿ ಟಿಎಸ್‌ಎಂಸಿಯ 2 ನ್ಯಾನೋಮೀಟರ್ ಪ್ರಕ್ರಿಯೆಯಾದ ಎನ್2, ಇಂಟೆಲ್ 18ಎಗಿಂತ ಮುಂದಿದೆ ಎಂಬುದೇ ವಿಶ್ಲೇಷಕರ ಅಂದಾಜು.

ಹಾಗೆಂದು ಈ ಸಲದ ಬದಲಾವಣೆ ಬರೀ ಹೆಸರಿನದೆಂದು ತಳ್ಳಿಹಾಕುವಂತಿಲ್ಲ. 2012ರಲ್ಲಿ ಇಂಟೆಲ್‌ನ 22 ನ್ಯಾನೋಮೀಟರ್ ಐವಿ ಬ್ರಿಡ್ಜ್ ಫಿನ್‌ಫೆಟ್ ಎಂಬ ಟ್ರಾನ್ಸಿಸ್ಟರ್ ವಿನ್ಯಾಸ ತಂದ ಮೇಲೆ ಟ್ರಾನ್ಸಿಸ್ಟರಿನ ಆಕಾರವೇ ಬದಲಾಗುತ್ತಿರುವುದು ಈಗ. ಫಿನ್‌ಫೆಟ್‌ನಲ್ಲಿ ವಿದ್ಯುತ್ ಹರಿಯುವ ಕಾಲುವೆ ನಿಂತ ರೆಕ್ಕೆಯಂತಿದ್ದು ಗೇಟ್ ಅದನ್ನು ಮೂರು ಕಡೆಯಿಂದ ಹಿಡಿಯುತ್ತದೆ. ಬುಡದ ಕಡೆ ಹಿಡಿತವಿಲ್ಲ. ಹೊಸ ವಿನ್ಯಾಸದಲ್ಲಿ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಪ್ರತಿಯೊಂದನ್ನೂ ಗೇಟ್ ನಾಲ್ಕೂ ಕಡೆ ಸುತ್ತುತ್ತದೆ. ಇಂಟೆಲ್ ಇದನ್ನು ರಿಬ್ಬನ್‌ಫೆಟ್ ಅನ್ನುತ್ತದೆ, ಟಿಎಸ್‌ಎಂಸಿ ನ್ಯಾನೋಶೀಟ್ ಅನ್ನುತ್ತದೆ. ಆಫ್ ಆಗಿರುವಾಗಿನ ಸೋರಿಕೆ ಕಡಿಮೆಯಾಗಿ, ಕಡಿಮೆ ವೋಲ್ಟೇಜಿನಲ್ಲೂ ಸ್ವಿಚ್ ಸರಿಯಾಗಿ ಕೆಲಸ ಮಾಡುತ್ತದೆ. ಇದರ ಬೆಲೆ ಅರಿಯಲು ಒಂದು ಲೆಕ್ಕ: ಸ್ವಿಚಿಂಗ್‌ಗೆ ತಗಲುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣ. 1.0 ವೋಲ್ಟನ್ನು 0.9ಕ್ಕೆ ಇಳಿಸಿದರೆ ಅದೇ ವೇಗದಲ್ಲಿ ಶೇ 19ರಷ್ಟು ಉಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ರೆಕ್ಕೆಗಳನ್ನು ಎರಡೋ ಮೂರೋ ಎಂದು ಇಡಿಯಾಗಿಯೇ ಹಾಕಬೇಕಿತ್ತು. ಪಟ್ಟಿಯ ಅಗಲವನ್ನು ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು.

18ಎಯಲ್ಲಿ ಇದರ ಜತೆಗೇ ಇನ್ನೊಂದು ಬದಲಾವಣೆಯಿದೆ, ಅದು ಪವರ್‌ವಯಾ. ಇಲ್ಲಿಯತನಕ ಟ್ರಾನ್ಸಿಸ್ಟರಿಗೆ ವಿದ್ಯುತ್ ತರುವ ದಪ್ಪ ತಂತಿಗಳೂ ಸಂಕೇತ ಒಯ್ಯುವ ಸಣ್ಣ ತಂತಿಗಳೂ ಚಿಪ್ಪಿನ ಒಂದೇ ಬದಿಯಲ್ಲಿದ್ದವು, ಲಾರಿ ಸೈಕಲ್ಲುಗಳೆಲ್ಲ ಒಂದೇ ಓಣಿಯಲ್ಲಿ ನುಗ್ಗಿದ ಹಾಗೆ. ಈಗ ಮೇಲ್ಬದಿಯ ಕೆಲಸ ಮುಗಿಸಿ, ಅದಕ್ಕೆ ಇನ್ನೊಂದು ವೇಫರ್ (ಸಿಲಿಕಾನ್ ಬಿಲ್ಲೆ) ಅಂಟಿಸಿ, ತಿರುಗಿಸಿ, ಹಿಂಬದಿಯ ಸಿಲಿಕಾನನ್ನು ಬಹುಮಟ್ಟಿಗೆ ಉಜ್ಜಿ ತೆಗೆದು, ವಿದ್ಯುತ್ ತಂತಿಗಳನ್ನು ಆ ಕಡೆ ಹಾಕುತ್ತಾರೆ. 2023ರಲ್ಲಿ ಪರೀಕ್ಷಾ ಚಿಪ್ಪಿನಲ್ಲಿ ಇಂಟೆಲ್ ತೋರಿಸಿದ ಫಲಿತಾಂಶ: ವೋಲ್ಟೇಜ್ ಕುಸಿತದಲ್ಲಿ ಶೇ 30 ಇಳಿಕೆ, ವೇಗದಲ್ಲಿ ಶೇ 6 ಏರಿಕೆ. ತೊಡಕೂ ಇದೆ. ಟ್ರಾನ್ಸಿಸ್ಟರ್ ಈಗ ಎರಡೂ ಕಡೆ ತಂತಿ ಪದರಗಳ ನಡುವೆ ಸಿಕ್ಕಿಕೊಂಡಿದೆ. ಮೊದಲು ಸಿಲಿಕಾನಿನ ಮೂಲಕ ನೇರ ಹೀಟ್‌ಸಿಂಕಿಗೆ ಹೋಗುತ್ತಿದ್ದ ಶಾಖ ಈಗ ಆ ಪದರಗಳನ್ನು ದಾಟಿಕೊಂಡು ಹೊರಬರಬೇಕು. ಕಡಿಮೆ ವಾಟಿನ ಲ್ಯಾಪ್‌ಟಾಪಿನಲ್ಲಿ ಇದು ಅಷ್ಟು ಕಾಡದು. ಗಡಿಯಾರವನ್ನು ತುದಿಗೆ ಎಳೆಯುವ ಡೆಸ್ಕ್‌ಟಾಪಿನಲ್ಲಿ ಕಾಡುವ ವಿಷಯ. ಟಿಎಸ್‌ಎಂಸಿ ಒಂದೊಂದೇ ಹೆಜ್ಜೆ ಇಡುತ್ತಿದೆ: 2025ರ ಕೊನೆಯ ತ್ರೈಮಾಸಿಕದಲ್ಲಿ ಉತ್ಪಾದನೆಗಿಳಿದ ಎನ್2ರಲ್ಲಿ ನ್ಯಾನೋಶೀಟ್ ಮಾತ್ರ, ಹಿಂಬದಿಯ ವಿದ್ಯುತ್ ಅದರ ಮುಂದಿನ ಎ16ರಲ್ಲಿ. ತನ್ನದೇ 3 ನ್ಯಾನೋಮೀಟರಿನ ಇನ್ನೊಂದು ರೂಪವಾದ ಎನ್3ಇಗೆ ಹೋಲಿಸಿದರೆ ಎನ್2 ಅದೇ ವಿದ್ಯುತ್ತಿಗೆ ಶೇ 10ರಿಂದ 15 ಹೆಚ್ಚು ವೇಗ, ಇಲ್ಲವೇ ಅದೇ ವೇಗಕ್ಕೆ ಶೇ 25ರಿಂದ 30 ಕಡಿಮೆ ವಿದ್ಯುತ್ ಎಂಬುದು ಕಂಪನಿಯ ಮಾತು. ‘ಇಲ್ಲವೇ’ ಎಂಬುದನ್ನು ಜಾಹೀರಾತುಗಳು ನುಂಗಿಬಿಡುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕ್ಯಾಶ್ ವಿಚಾರ ಬೇರೆಯೇ. 5ರಿಂದ ಎನ್3ಇಗೆ ಬಂದಾಗ ಲಾಜಿಕ್ ಚೆನ್ನಾಗಿ ಕುಗ್ಗಿತು, ಕ್ಯಾಶನ್ನು ಕಟ್ಟುವ ಎಸ್‌ರ‍್ಯಾಮ್ ಕೋಶ ಮಾತ್ರ 0.021 ಚದರ ಮೈಕ್ರಾನಿನಲ್ಲೇ ನಿಂತಿತು. ದುಬಾರಿ ವೇಫರಿನ ಮೇಲೆ ಕುಗ್ಗದ ಕ್ಯಾಶನ್ನು ಹರಡುವುದು ನಷ್ಟದ ಬಾಬತ್ತು. ಎಎಂಡಿ 7000 ಸರಣಿಯ ಎಕ್ಸ್3ಡಿ ಚಿಪ್‌ಗಳಲ್ಲಿ ಕೋರ್‌ಗಳನ್ನು 5 ನ್ಯಾನೋಮೀಟರ್‌ನಲ್ಲೂ ಮೇಲೆ ಕೂರುವ ಕ್ಯಾಶನ್ನು 7ರಲ್ಲೂ ಮಾಡಿಸಿದ್ದರ ಹಿಂದೆ ಇದೇ ಲೆಕ್ಕವಿದೆ.

ಟೈಲ್‌ಗಳಾಗಿ ಒಡೆಯುವುದಕ್ಕೆ ಇನ್ನೂ ಸರಳ ಕಾರಣವಿದೆ. ಒಂದು ಪ್ರಕ್ರಿಯೆಯಲ್ಲಿ ಚದರ ಸೆಂಟಿಮೀಟರಿಗೆ ಸರಾಸರಿ 0.4 ದೋಷ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಸಂಭವನೀಯತೆಯ ಸರಳ ಪ್ವಾಸಾನ್ ಸೂತ್ರದಂತೆ 100 ಚದರ ಮಿಲಿಮೀಟರಿನ ಚಿಪ್‌ಗಳಲ್ಲಿ ಶೇ 67 ನಿರ್ದೋಷವಾಗಿ ಬರುತ್ತವೆ, 200ರದ್ದಾದರೆ ಶೇ 45, 400ರದ್ದಾದರೆ ಬರೀ ಶೇ 20. ಹೊಸ ಪ್ರಕ್ರಿಯೆಯ ಮೊದಲ ವರ್ಷದಲ್ಲಿ ದೋಷ ಹೆಚ್ಚಿರುವುದರಿಂದ ಅದು ಮೊದಲು ಫೋನಿನ ಸಣ್ಣ ಚಿಪ್ಪಿಗೆ ಅಥವಾ ಲ್ಯಾಪ್‌ಟಾಪಿನ ಒಂದು ಟೈಲಿಗೆ, ಇಲ್ಲವೇ ಎಷ್ಟು ದುಬಾರಿಯಾದರೂ ಕೊಳ್ಳುವ ಸರ್ವರ್‌ಗಳಿಗೆ ಹೋಗುತ್ತದೆ. ಎಎಂಡಿಯ 2 ನ್ಯಾನೋಮೀಟರ್ ಜೆನ್ 6 ವಿನ್ಯಾಸದಲ್ಲಿ ಮೊದಲು ಸುದ್ದಿಯಾದದ್ದು ವೆನಿಸ್ ಎಂಬ ಸರ್ವರ್ ಚಿಪ್. ಸಾಮಾನ್ಯ ಬೆಲೆಯ ಲ್ಯಾಪ್‌ಟಾಪ್ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ನೀವು ಎರಡು ವರ್ಷ ಕಾದಿದ್ದು ಆ ಸಾಲಿನಲ್ಲೇ.

ಹಾಗಿದ್ದರೆ ಈಗ ಏನು ಕೊಳ್ಳಬೇಕು? 18ಎ ಬೇಕೇಬೇಕೆಂದರೆ ಅದು 2026ರ ಜನವರಿಯಲ್ಲಿ ಬಿಡುಗಡೆಯಾದ ಪ್ಯಾಂಥರ್ ಲೇಕ್, ಮಾರುಕಟ್ಟೆಯ ಹೆಸರು ಕೋರ್ ಅಲ್ಟ್ರಾ 3ನೇ ಸರಣಿ. ಅದರಲ್ಲೂ 18ಎ ಇರುವುದು ಕಂಪ್ಯೂಟ್ ಟೈಲ್ ಮಾತ್ರ. 12 ಕೋರ್‌ಗಳ ದೊಡ್ಡ ಗ್ರಾಫಿಕ್ಸ್ ಟೈಲ್ ಟಿಎಸ್‌ಎಂಸಿಯ ಎನ್3ಇ, 4 ಕೋರ್‌ಗಳ ಚಿಕ್ಕದು ಇಂಟೆಲ್ 3. ಎಕ್ಸ್7, ಎಕ್ಸ್9 ಎಂದಿದ್ದರೆ ದೊಡ್ಡ ಗ್ರಾಫಿಕ್ಸ್. ಅದು ಎಲ್‌ಪಿಡಿಡಿಆರ್5ಎಕ್ಸ್ ಮೆಮೊರಿಯನ್ನಷ್ಟೇ ಒಪ್ಪುತ್ತದೆ, ಅದು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಎಡಿಟಿಂಗ್ ಕೆಲಸಕ್ಕೆ 32 ಜಿಬಿಗೆ ಕಡಿಮೆ ಕೊಳ್ಳಬೇಡಿ, ಆಮೇಲೆ ಸೇರಿಸಲಾಗದು.

ಮಾದರಿ ಸಂಖ್ಯೆ ಓದುವಾಗ ಎಚ್ಚರ. ಕೋರ್ ಅಲ್ಟ್ರಾ 200 ಎಂಬ ಒಂದೇ ಹೆಸರಿನಡಿ 258ವಿ ಎಂಬುದು ಲೂನಾರ್ ಲೇಕ್, 255ಎಚ್ ಆರೋ ಲೇಕ್. ಇವೆರಡರ ಕೋರ್‌ಗಳು ಎನ್3ಬಿ. 255ಯು ಮಾತ್ರ ಮೀಟಿಯರ್ ಲೇಕ್ ವಿನ್ಯಾಸವನ್ನೇ ಇಂಟೆಲ್ 3ರಲ್ಲಿ ಮರುಮುದ್ರಿಸಿದ್ದು. ‘ಅಲ್ಟ್ರಾ’ ಇಲ್ಲದ ಕೋರ್ 7 240ಎಚ್ ಇನ್ನೂ ಹಳೆಯ ರ‍್ಯಾಪ್ಟರ್ ಲೇಕ್, ಇಂಟೆಲ್ 7. ಎಎಂಡಿಯ 7000 ಲ್ಯಾಪ್‌ಟಾಪ್ ಸರಣಿಯಲ್ಲಿ ಮೂರನೇ ಅಂಕಿ ನೋಡಿ: 7520ಯು ಜೆನ್ 2, 7530ಯು ಜೆನ್ 3, 7540ಯು ಜೆನ್ 4. ಹೊಸ ರೈಜನ್ ಎಐ 400 ಹೆಸರಿಗೆ ಹೊಸದು, ಒಳಗೆ 300ರಲ್ಲಿದ್ದ 4 ನ್ಯಾನೋಮೀಟರ್ ಜೆನ್ 5 ಕೋರ್‌ಗಳೇ. 300 ಅಗ್ಗವಾಗಿ ಸಿಕ್ಕರೆ ಹಿಂಜರಿಯಬೇಡಿ.

ಪ್ರಕ್ರಿಯೆಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ತಯಾರಕರು ಇಟ್ಟ ವಿದ್ಯುತ್ ಮಿತಿ. 255ಎಚ್‌ನ ಮೂಲ ಮಿತಿ 28 ವಾಟ್, ಗರಿಷ್ಠ 115. ತೆಳು ಲ್ಯಾಪ್‌ಟಾಪಿನಲ್ಲಿ ಅದು ಕೆಲವೇ ಕ್ಷಣ ಏರಿ ಮೂಲಕ್ಕೆ ಇಳಿಯುತ್ತದೆ, ದಪ್ಪನೆಯದರಲ್ಲಿ ಹೆಚ್ಚು ವಾಟಿನಲ್ಲಿ ನಿಲ್ಲುತ್ತದೆ. ವೇಗ ಅಳೆಯುವ ಸಿನೆಬೆಂಚನ್ನು ಒಂದೇ ಸಲ ಓಡಿಸಿ ಬರೆದ ವಿಮರ್ಶೆಗಳನ್ನು ಬದಿಗಿಡಿ. ಹತ್ತು ನಿಮಿಷ ಬಿಡದೆ ಓಡಿಸಿದಾಗ ಕೊನೆಯ ಅಂಕ ಎಷ್ಟು, ಆಗ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಪ್ಯಾಕೇಜ್ ಪವರ್ (ಇಡೀ ಚಿಪ್ಪಿನ ವಿದ್ಯುತ್ ಬಳಕೆ) ಎಷ್ಟು ವಾಟ್ ತೋರಿಸುತ್ತದೆ ಎಂದು ನೋಡಿ. ರೆಂಡರ್ ಮಾಡುವಾಗ ನಿಮಗೆ ಸಿಗುವ ಚಿಪ್ ಅದೇ.

ನಿಮ್ಮ ಕೆಲಸಕ್ಕೆ ಇನ್ನೊಂದು ಮುಖ್ಯ ಮಾತು. ಕ್ಯಾಮೆರಾದಿಂದ ಬರುವ ಫೂಟೇಜ್ 10 ಬಿಟ್ 4:2:2 ಎಚ್‌ಇವಿಸಿ ಎಂಬ ಸಂಕೋಚಿತ ರೂಪದಲ್ಲಿದ್ದರೆ, ಅದನ್ನು ಹಾರ್ಡ್‌ವೇರಿನಲ್ಲೇ ಬಿಡಿಸುವ ಸಾಮರ್ಥ್ಯ ಇಂಟೆಲ್‌ನ 11ನೇ ತಲೆಮಾರಿನಿಂದೀಚೆಯ ಒಳಗ್ರಾಫಿಕ್ಸ್‌ನಲ್ಲಿದೆ. ಎನ್ವಿಡಿಯಾದಲ್ಲಿ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಿಂದ. ಅದಿಲ್ಲದ ಕಡೆ ಎಷ್ಟು ಕೋರ್‌ಗಳಿದ್ದರೂ ಟೈಮ್‌ಲೈನ್ ಮುಗ್ಗರಿಸುತ್ತದೆ. ನಿಮ್ಮ 12400ರಲ್ಲೂ ಆ ಸಾಮರ್ಥ್ಯವಿದೆ, ಹೆಸರಿನ ಕೊನೆಗೆ ‘ಎಫ್’ ಇಲ್ಲದಿದ್ದರೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಹಲವು ಬೋರ್ಡ್‌ಗಳು ಒಳಗ್ರಾಫಿಕ್ಸನ್ನು ತಾವಾಗಿಯೇ ಆರಿಸಿಬಿಡುತ್ತವೆ. ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಅಥವಾ ಅಂಥದೇ ಹೆಸರಿನ ಆಯ್ಕೆಯನ್ನು ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಎಡಿಟಿಂಗ್ ತಂತ್ರಾಂಶದ ಡಿಕೋಡ್ ಆಯ್ಕೆಯಲ್ಲಿ ಇಂಟೆಲ್‌ಗೆ ಗುರುತು ಹಾಕಿ. ಖರ್ಚಿಲ್ಲದ ಈ ಕೆಲಸ ಮಾಡಿ ನೋಡಿದ ಮೇಲೆಯೇ ಡೆಸ್ಕ್‌ಟಾಪ್ ಬದಲಿಸುವ ಮಾತು.

ಅಷ್ಟಕ್ಕೂ ಸಾಲದಿದ್ದರೆ ಅದೇ ಬೋರ್ಡಿನಲ್ಲಿ 13 ಅಥವಾ 14ನೇ ತಲೆಮಾರಿನ ಚಿಪ್ ಕೂರುತ್ತದೆ. ಆದರೆ ಹಳೆಯ ಚಿಪ್ ಇರುವಾಗಲೇ ಬಯಾಸ್ ನವೀಕರಿಸಿ. 0x12ಬಿ ಅಥವಾ ಅದಕ್ಕಿಂತ ಹೊಸ ಮೈಕ್ರೋಕೋಡ್ (ಚಿಪ್ಪಿನೊಳಗಿನ ನಿಯಂತ್ರಣ ತಂತ್ರಾಂಶ) ಇರಲೇಬೇಕು. 2024ರಲ್ಲಿ ಆ ತಲೆಮಾರಿನ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಕ್ರಮೇಣ ಹಾಳಾಗುತ್ತಿದ್ದುದು ಬೆಳಕಿಗೆ ಬಂತು. ಒಮ್ಮೆ ಆದ ಹಾನಿಯನ್ನು ಮೈಕ್ರೋಕೋಡ್ ಸರಿಪಡಿಸುವುದಿಲ್ಲ, ಹಾಗಾಗಿ ಬಳಸಿದ ಚಿಪ್ ಬೇಡ.

ನೋವಾ ಲೇಕ್ 2026ರ ಕೊನೆಗೆ ಎಂದು ಇಂಟೆಲ್ ಹೇಳಿದೆ, ಅದರಲ್ಲೂ ಟಿಎಸ್‌ಎಂಸಿಯ ಪಾಲಿದೆ. ಈಗಿನ ಎಲ್‌ಜಿಎ1851 ಸಾಕೆಟ್ಟಿನ (ಚಿಪ್ ಕೂರುವ ಗೂಡಿನ) ಬೋರ್ಡ್ ಕೊಂಡು ಮುಂದೆ ಅದನ್ನು ಹಾಕಿಕೊಳ್ಳುವ ಲೆಕ್ಕ ಇಟ್ಟುಕೊಳ್ಳಬೇಡಿ. ಎಎಂಡಿ ಎಎಂ5 ಸಾಕೆಟ್ಟಿಗೆ 2027ರ ಆಚೆಗೂ ಬೆಂಬಲವಿದೆ ಎಂದಿರುವುದರಿಂದ ಹಂತಹಂತವಾಗಿ ಏರಿಸುವವರಿಗೆ ಅದೇ ವಾಸಿ. ಮೆಮೊರಿಯನ್ನು ಎರಡೇ ಕಡ್ಡಿಗಳಲ್ಲಿ ಕೊಳ್ಳಿ. ರೈಜನ್ 9000ಕ್ಕೆ ಎರಡು ಕಡ್ಡಿಗಳಲ್ಲಿ ಅಧಿಕೃತ ವೇಗ ಡಿಡಿಆರ್5-5600, ನಾಲ್ಕು ತುಂಬಿದರೆ 3600. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದನ್ನು ನೋಡಿದರೆ ಕಾಯುವುದಕ್ಕೂ ಖರ್ಚಿದೆ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್ ನಡೆಯುತ್ತಾ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ವಿದ್ಯುತ್ ಕಿತ್ತುಬಿಡಬೇಡಿ. ಮುಂದೆ ಅದೇ ಬೋರ್ಡಿನಲ್ಲಿ ಚಿಪ್ ಬದಲಿಸುವ ದಿನ ಬಂದರೆ, ಎಫ್‌ಟಿಪಿಎಂನಲ್ಲಿದ್ದ (ಚಿಪ್ಪಿನ ಭದ್ರತಾ ಭಾಗ) ಕೀಲಿಗಳು ಹಳೆಯ ಚಿಪ್ಪಿನೊಂದಿಗೇ ಹೋಗುತ್ತವೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು ಆಮೇಲೆ ಸ್ಕ್ರೂ ಬಿಚ್ಚಿ.