ಒಂದೇ ರಥ ಮೂರು ಮೊಬೈಲ್‌ಗಳಲ್ಲಿ ಮೂರು ಕಡೆ ಕಾಣುವುದೇಕೆ?

ಪ್ರಶ್ನೆ: ನಾವು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಹಂಪಿಯ ಕಲ್ಲಿನ ರಥದ ಮೂರು ಆಯಾಮದ ಮಾದರಿಯನ್ನು ಕಾಲೇಜಿನ ಸಭಾಂಗಣದಲ್ಲಿ ಎಲ್ಲರೂ ತಮ್ಮ ತಮ್ಮ ಮೊಬೈಲ್‌ನಲ್ಲಿ ಒಟ್ಟಿಗೆ ನೋಡುವಂತೆ ಎಆರ್ (ಕ್ಯಾಮೆರಾದಲ್ಲಿ ಕಾಣುವ ನಿಜವಾದ ಜಾಗದ ಮೇಲೆ ಕೃತಕ ವಸ್ತುವನ್ನು ತೋರಿಸುವ) ಆ್ಯಪ್ ಮಾಡಿದ್ದೇವೆ. ಒಬ್ಬರು ಚಕ್ರ ತಿರುಗಿಸಿದರೆ ಉಳಿದವರಿಗೂ ತಿರುಗಬೇಕು. ಆದರೆ ರಥ ಒಬ್ಬರಿಗೆ ವೇದಿಕೆಯ ಮೇಲಿದ್ದರೆ ಇನ್ನೊಬ್ಬರಿಗೆ ಗೋಡೆಯೊಳಗೆ ಕಾಣುತ್ತದೆ. ಇಬ್ಬರು ಒಟ್ಟಿಗೆ ಚಕ್ರ ಹಿಡಿದರೆ ಅದು ನಡುಗುತ್ತದೆ. ನಮ್ಮ ಸರ್ವರ್ ಮುಂಬೈಯಲ್ಲಿದೆ. ಇನ್ನೂ ವೇಗದ ಸರ್ವರ್ ಬಾಡಿಗೆಗೆ ಪಡೆದರೆ ಸರಿಹೋಗುತ್ತದೆಯೇ?
– ವಿದ್ಯಾರ್ಥಿಗಳು, ಬನಶಂಕರಿ, ಬೆಂಗಳೂರು

ಉತ್ತರ: ಇಲ್ಲ. ಆ ಹಣವನ್ನು ಉಳಿಸಿಕೊಳ್ಳಿ. ರಥ ಗೋಡೆಯೊಳಗೆ ಹೋಗುವುದಕ್ಕೂ ನೆಟ್‌ವರ್ಕ್‌ಗೂ ಸಂಬಂಧವೇ ಇಲ್ಲ. ಸಂದೇಶ ಕ್ಷಣವೂ ತಡವಾಗದೆ ತಲುಪಿದರೂ ಅದು ಗೋಡೆಯೊಳಗೇ ಇರುತ್ತದೆ.

ಆ್ಯಪ್ ತೆರೆದಾಗ ಪ್ರತಿ ಮೊಬೈಲ್ ತಾನು ನಿಂತ ಜಾಗವನ್ನೇ ಸೊನ್ನೆ ಎಂದು ಹಿಡಿದು, ಕ್ಯಾಮೆರಾ ಮತ್ತು ಚಲನೆಯ ಸೆನ್ಸರ್‌ಗಳ ನೆರವಿನಿಂದ ಅಲ್ಲಿಂದ ಅಳೆಯತೊಡಗುತ್ತದೆ. ಗುರುತ್ವದಿಂದಾಗಿ ‘ಕೆಳಗೆ’ ಎಲ್ಲಿದೆ ಎಂಬುದರಲ್ಲಿ ಎಲ್ಲ ಸಾಧನಗಳಿಗೂ ಒಮ್ಮತವಿರುತ್ತದೆ. ‘ಮುಂದೆ’ ಎಂದರೆ ಯಾವ ಕಡೆ, ಸೊನ್ನೆ ಎಲ್ಲಿದೆ ಎಂಬುದರಲ್ಲಿ ಇರುವುದಿಲ್ಲ. ನೀವು ರಥದ ಸ್ಥಾನವನ್ನು ಹಾಗೆಯೇ ಕಳುಹಿಸುತ್ತಿದ್ದೀರಿ ಎಂದು ಕಾಣುತ್ತದೆ. ಬಾಗಿಲ ಬಳಿ ಆ್ಯಪ್ ತೆರೆದವರಿಗೂ ಕಿಟಕಿ ಬಳಿ ತೆರೆದವರಿಗೂ ‘ಮೂರು ಮೀಟರ್ ಮುಂದೆ’ ಎಂಬುದು ಬೇರೆ ಬೇರೆ ಜಾಗ. ಎಲ್ಲರೂ ಒಪ್ಪುವ ಒಂದು ಆ್ಯಂಕರ್, ಅಂದರೆ ನಿಜವಾದ ಜಾಗದಲ್ಲಿ ಅಲುಗದ ಒಂದು ಗುರುತು ಇಟ್ಟು, ಪ್ರತಿಯೊಂದು ಸ್ಥಾನವನ್ನೂ ಅದರಿಂದಲೇ ಅಳೆದು ಕಳುಹಿಸಬೇಕು.

ಇದಕ್ಕೆ ಸಿದ್ಧ ಸೌಲಭ್ಯಗಳಿವೆ. ಇಂಥ ಗುರುತನ್ನು ಇಂಟರ್ನೆಟ್ ಮೂಲಕ ಹಂಚಿಕೊಳ್ಳಲು ಗೂಗಲ್ 2018ರಲ್ಲಿ ತಂದ ಕ್ಲೌಡ್ ಆ್ಯಂಕರ್ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ನಡೆಯುತ್ತದೆ. ಎಆರ್ ಆ್ಯಪ್ ಕಟ್ಟಲು ಆ್ಯಪಲ್ ಕೊಡುವ ಎಆರ್‌ಕಿಟ್‌ನಲ್ಲಿ ಜಾಗದ ನಕ್ಷೆಯನ್ನೇ ಹಂಚಿಕೊಳ್ಳುವ ವ್ಯವಸ್ಥೆ ಬಂದದ್ದೂ ಅದೇ ವರ್ಷ. ಆದರೆ ಇಂಥ ಸೇವೆಯೊಂದಕ್ಕೇ ಇಡೀ ಆ್ಯಪ್ ಕಟ್ಟಿಹಾಕಬೇಡಿ. ಮೈಕ್ರೋಸಾಫ್ಟ್ ತನ್ನ ಅಜೂರ್ ಸ್ಪೇಷಿಯಲ್ ಆ್ಯಂಕರ್ಸ್ ಸೇವೆಯನ್ನು 2024ರ ನವೆಂಬರ್‌ನಲ್ಲಿ ನಿಲ್ಲಿಸಿಬಿಟ್ಟಿತು.

ಒಂದೇ ಸಭಾಂಗಣವಾದ್ದರಿಂದ ನನ್ನ ಸಲಹೆ ಇನ್ನೂ ಸರಳ: ಮಾರ್ಕರ್ (ಕ್ಯಾಮೆರಾ ಗುರುತು ಹಿಡಿಯಬಲ್ಲ ಚಿತ್ರ) ಮುದ್ರಿಸಿದ ಹಾಳೆಯೊಂದನ್ನು ನೆಲಕ್ಕೆ ಅಂಟಿಸಿ, ಎಲ್ಲರೂ ಮೊದಲು ಅದನ್ನು ಕ್ಯಾಮೆರಾದಲ್ಲಿ ನೋಡಲಿ. ಹಾಳೆ ರಥ ನಿಲ್ಲುವ ಜಾಗದ ಪಕ್ಕದಲ್ಲೇ ಇರಬೇಕು, ಬಾಗಿಲ ಬಳಿ ಅಲ್ಲ. ದಿಕ್ಕಿನಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ ಹತ್ತು ಮೀಟರ್ ದೂರದಲ್ಲಿ ಸುಮಾರು 17 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಮಾರ್ಕರ್‌ನಿಂದ ಸ್ಥಾನ ಮತ್ತು ದಿಕ್ಕನ್ನು ಮಾತ್ರ ತೆಗೆದುಕೊಳ್ಳಿ. ಓರೆಕೋರೆಗೆ ಗುರುತ್ವವನ್ನೇ ನಂಬಿ, ಏಕೆಂದರೆ ಸಣ್ಣ ಹಾಳೆಯಿಂದ ಅಳೆದ ವಾಲಿಕೆ ಸದಾ ಅಲುಗಾಡುತ್ತದೆ. ಕೆಲವು ಮೀಟರ್ ಅಂತರದಲ್ಲಿ ಎರಡು ಹಾಳೆ ಇಟ್ಟರೆ ದಿಕ್ಕು ಇನ್ನೂ ನಿಖರವಾಗುತ್ತದೆ.

ನಮ್ಮ ಊರಿನ ಸಭಾಂಗಣಗಳ ಹೊಳೆಯುವ ಗ್ರಾನೈಟ್ ನೆಲ, ಖಾಲಿ ಬಿಳಿ ಗೋಡೆಗಳು ಟ್ರ್ಯಾಕಿಂಗ್‌ಗೆ, ಅಂದರೆ ಮೊಬೈಲ್ ತನ್ನ ಚಲನೆಯನ್ನು ಅಳೆಯುವುದಕ್ಕೆ ಶತ್ರುಗಳು. ನೆಲದಲ್ಲಿ ಮೂಡುವ ದೀಪದ ಪ್ರತಿಬಿಂಬ ನೀವು ನಡೆದಂತೆಲ್ಲ ಸರಿಯುತ್ತದೆ, ಮೊಬೈಲ್ ಅದನ್ನೇ ಸ್ಥಿರ ಬಿಂದು ಎಂದು ನಂಬಿ ದಾರಿ ತಪ್ಪುತ್ತದೆ. ಒಂದು ಜಮಖಾನ ಹಾಸಿ, ಗೋಡೆಗೆ ನಾಲ್ಕಾರು ಪೋಸ್ಟರ್ ಅಂಟಿಸಿ. ಸ್ಥಾನ ಸರಿದರೆ ಹಾಳೆಯನ್ನು ಮತ್ತೆ ನೋಡಲು ಹೇಳಿ. ತಿದ್ದುಪಡಿಯನ್ನು ಒಮ್ಮೆಗೇ ಮಾಡದೆ ಹಲವು ಫ್ರೇಮ್‌ಗಳಲ್ಲಿ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳಲ್ಲಿ) ಹರಡಿದರೆ ರಥ ಕಣ್ಣೆದುರೇ ಜಿಗಿಯುವುದಿಲ್ಲ.

ಇನ್ನು ಮುಂಬೈ ಸರ್ವರ್. ಬೆಳಕು ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೇಬಲ್ ಬಳಸುದಾರಿಯಲ್ಲಿ ಸಾವಿರ ಕಿಲೋಮೀಟರ್ ಇದ್ದರೂ ಹೋಗಿ ಬರಲು ಬೇಕಾದದ್ದು 10 ಮಿಲಿಸೆಕೆಂಡ್. ರೂಟರ್, ವೈಫೈಗಳು ಇದಕ್ಕೆ ಇನ್ನಷ್ಟು ಸೇರಿಸುತ್ತವೆ, ನಿಜ. ಆದರೂ ಬೇರೊಬ್ಬರು ತಿರುಗಿಸಿದ ಚಕ್ರ 50 ಮಿಲಿಸೆಕೆಂಡ್ ತಡವಾಗಿ ಕಂಡರೆ ನೋಡುವವರಿಗೆ ತಿಳಿಯುವುದಿಲ್ಲ. ಕಣ್ಣಿಗೆ ಚುಚ್ಚುವುದು ಸಂದೇಶಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುವ ಏರುಪೇರು. ಅದಕ್ಕೇ ಉಳಿದವರ ಚಲನೆಯನ್ನು ಬೇಕೆಂದೇ 100 ಮಿಲಿಸೆಕೆಂಡಿನಷ್ಟು ಹಿಂದಿಟ್ಟು, ತಲುಪಿದ ಎರಡು ಸ್ಥಿತಿಗಳ ನಡುವಿನ ಚಲನೆಯನ್ನು ಲೆಕ್ಕ ಹಾಕಿ ತುಂಬಿ ತೋರಿಸುತ್ತಾರೆ. ನೋಡುವವರ ಸ್ವಂತ ತಲೆ ಅಥವಾ ಮೊಬೈಲ್ ಚಲನೆ ಮಾತ್ರ ಎಂದೂ ಸರ್ವರ್‌ಗಾಗಿ ಕಾಯಬಾರದು. ಸೆಕೆಂಡಿಗೆ 90 ಫ್ರೇಮ್ ತೋರಿಸುವ ಹೆಡ್‌ಸೆಟ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು 11 ಮಿಲಿಸೆಕೆಂಡ್ ಅಷ್ಟೇ.

ಚಕ್ರ ನಡುಗುವುದು ಇಬ್ಬರೂ ಒಂದೇ ಕೋನವನ್ನು ಸತತವಾಗಿ ತಿದ್ದುತ್ತಿರುವುದರಿಂದ. ಮೊದಲು ಹಿಡಿದವರು ಯಾರೆಂಬುದನ್ನು ಸರ್ವರ್ ತೀರ್ಮಾನಿಸಲಿ. ಅವರು ಬಿಡುವವರೆಗೆ ಇನ್ನೊಬ್ಬರಿಗೆ ಚಕ್ರ ಬೇರೆ ಬಣ್ಣದಲ್ಲಿ ಕಾಣಲಿ. ಕೈಬಿಟ್ಟ ಮೇಲೆ ಪ್ರತಿ ಫ್ರೇಮ್‌ನ ಕೋನ ಕಳುಹಿಸುವ ಅಗತ್ಯವಿಲ್ಲ. ‘ಇಂಥ ಸಮಯದಲ್ಲಿ ಈ ಕೋನ, ಈ ವೇಗ’ ಎಂದರೆ ಸಾಕು, ಉಳಿದದ್ದನ್ನು ಪ್ರತಿ ಮೊಬೈಲ್ ತಾನೇ ಲೆಕ್ಕ ಹಾಕುತ್ತದೆ. ಇದಕ್ಕೆ ಗಡಿಯಾರಗಳು ಹೊಂದಬೇಕು. ಸರ್ವರ್‌ನ ಸಮಯ ಕೇಳಿ, ಸಂದೇಶ ಹೋಗಿ ಬಂದ ಅವಧಿಯ ಅರ್ಧವನ್ನು ಅದಕ್ಕೆ ಸೇರಿಸಿ. ಹಲವು ಬಾರಿ ಕೇಳಿ, ಅತಿ ಬೇಗ ಬಂದ ಉತ್ತರವನ್ನು ನಂಬಿ. ತಡವಾಗಿ ಸೇರಿದವರಿಗೆ ಮೊದಲು ಪೂರ್ಣ ಸ್ಥಿತಿ ಕೊಡಲು ಮರೆಯದಿರಿ.

ಪ್ರದರ್ಶನದ ದಿನ ಕಾಲೇಜಿನ ವೈಫೈ ನೆಚ್ಚಬೇಡಿ. ಭದ್ರತೆಗಾಗಿ ಇಂಥ ಎಷ್ಟೋ ವೈಫೈಗಳಲ್ಲಿ ಒಂದು ಮೊಬೈಲ್ ಇನ್ನೊಂದನ್ನು ಕಾಣದಂತೆ ತಡೆದಿರುತ್ತಾರೆ. ಸಾಧನಗಳು ಪರಸ್ಪರ ನೇರವಾಗಿ ಮಾತನಾಡುವಂತೆ ಮಾಡಿದ್ದರೆ ನಿಮ್ಮದೇ ರೂಟರ್ ಒಯ್ಯಿರಿ. ಹಂಪಿಯಲ್ಲಿ ಈಗ ಯಾರೂ ತಿರುಗಿಸಲಾಗದ ಚಕ್ರವನ್ನು ಮಕ್ಕಳ ಕೈಗೆ ಕೊಡುತ್ತಿದ್ದೀರಿ. ಇಷ್ಟು ಒಳ್ಳೆಯ ಕೆಲಸ ವೈಫೈಯಿಂದ ಕೆಡಬಾರದು.

ಪ್ರಶ್ನೆ: ಲಾಲ್‌ಬಾಗ್‌ನಲ್ಲಿ ಗುಂಪಾಗಿ ನೋಡುವ ಎಆರ್ ನಡಿಗೆಗೆ ಜಿಪಿಎಸ್ ಸಾಲದೇ?
– ಓದುಗರು, ಜಯನಗರ

ಉತ್ತರ: ಸಾಲದು. ಮೊಬೈಲ್‌ನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ತಪ್ಪುತ್ತದೆ, ಮರಗಳ ಕೆಳಗೆ ಇನ್ನೂ ಹೆಚ್ಚು. ಗೂಗಲ್ 2022ರಲ್ಲಿ ತಂದ ಜಿಯೋಸ್ಪೇಷಿಯಲ್ ಸೌಲಭ್ಯ ರಸ್ತೆಗಳಲ್ಲಿ ತೆಗೆದ ಸ್ಟ್ರೀಟ್ ವ್ಯೂ ಚಿತ್ರಗಳ ನೆರವಿನಿಂದ ಜಾಗ ಗುರುತಿಸುತ್ತದೆ. ರಸ್ತೆ ಬದಿಗೆ ಅದು ಒಳ್ಳೆಯದು. ಉದ್ಯಾನದ ಒಳಹಾದಿಗಳಲ್ಲಿ ಬಳಸುವ ಮೊದಲು, ಆ ಜಾಗಕ್ಕೆ ಸೇವೆ ಲಭ್ಯವಿದೆಯೇ ಎಂದು ಅದರಲ್ಲೇ ಇರುವ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದಂಥ ಅಲುಗದ ವಸ್ತುಗಳ ಬಳಿ ಕ್ಲೌಡ್ ಆ್ಯಂಕರ್ ಇಡಿ. ಗಾಜಿನ ಮನೆ ಬೇಡ. ಗಾಜಿನ ಪ್ರತಿಫಲನ, ಒಂದೇ ಬಗೆಯ ಕಬ್ಬಿಣದ ಚೌಕಟ್ಟುಗಳ ಸಾಲು ಎರಡೂ ಕ್ಯಾಮೆರಾವನ್ನು ಗೊಂದಲಗೊಳಿಸುತ್ತವೆ. ಫಲಪುಷ್ಪ ಪ್ರದರ್ಶನದಲ್ಲಿ ಅದರ ಒಳಗಿನ ನೋಟವೇ ಬದಲಾಗಿಬಿಡುತ್ತದೆ. ಅಲ್ಲೇ ನಡೆಸಲೇಬೇಕೆಂದರೆ ಹೂವಿನ ಅಲಂಕಾರ ಪೂರ್ಣಗೊಂಡ ಮೇಲೆ ಆ್ಯಂಕರ್ ಹೊಸದಾಗಿ ದಾಖಲಿಸಿ.