‘ಅರ್ಥ ಆಯ್ತಾ?’ ಎಂದು ಕೇಳಬೇಡಿ

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತೇನೆ. ದಶಕ ಸಹಿತ ಕಳೆಯುವ ಲೆಕ್ಕ ಮಾಡಿ ತೋರಿಸಿ ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ಒಟ್ಟಿಗೆ ‘ಆಯ್ತು ಮಿಸ್’ ಎನ್ನುತ್ತಾರೆ. ಪರೀಕ್ಷೆ ಕೊಟ್ಟರೆ ಅರ್ಧಕ್ಕರ್ಧ ಮಕ್ಕಳದು ತಪ್ಪು. ನನ್ನ ಪಾಠದಲ್ಲಿ ಏನು ಕೊರತೆ?
– ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ವಿವರಣೆ ಚೆನ್ನಾಗಿಯೇ ಇರಬಹುದು. ಕೊರತೆ ಇರುವುದು ಆಮೇಲಿನ ಪ್ರಶ್ನೆಯಲ್ಲಿ. ಎಲ್ಲರ ಮುಂದೆ ‘ಇಲ್ಲ’ ಎನ್ನಲು ಎಂಟು ವರ್ಷದ ಮಗುವಿಗೆ ಧೈರ್ಯ ಸಾಲದು. ಎಷ್ಟೋ ಸಲ ತನಗೆ ಅರ್ಥವಾಗಿಲ್ಲವೆಂದು ಮಗುವಿಗೇ ಗೊತ್ತಿರುವುದಿಲ್ಲ. ಬದಲಿಗೆ ಬೋರ್ಡಿನಲ್ಲಿ 52–28 ಎಂದು ಒಂದೇ ಲೆಕ್ಕ ಬರೆಯಿರಿ. ಎಲ್ಲರೂ ಸ್ಲೇಟಿನಲ್ಲಿ ಮಾಡಿ, ಸ್ಲೇಟನ್ನು ಬೋರಲು ಹಾಕಿ ಕೂರಲಿ. ನೀವು ‘ತೋರಿಸಿ’ ಎಂದಾಗ ಒಟ್ಟಿಗೆ ಎತ್ತಲಿ. ಒಬ್ಬೊಬ್ಬರಾಗಿ ಎತ್ತಿದರೆ ಉಳಿದವರು ನೋಡಿ ಬರೆಯುತ್ತಾರೆ.

ಈಗ ತಪ್ಪುಗಳನ್ನು ಗಮನವಿಟ್ಟು ಓದಿ. 24 ಸರಿ. 36 ಬರೆದ ಮಗು ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು, ಅಂದರೆ 8ರಿಂದ 2 ಕಳೆದಿದೆ. 34 ಬರೆದ ಮಗು ಹತ್ತನ್ನು ಬಿಡಿ ಸ್ಥಾನಕ್ಕೆ ತಂದಿದೆ, 5ನ್ನು 4 ಮಾಡಲು ಮರೆತಿದೆ. 80 ಬರೆದ ಮಗು ಚಿಹ್ನೆ ನೋಡದೆ ಕೂಡಿದೆ. ಈ ಮೂವರಿಗೂ ಅದೇ ವಿವರಣೆಯನ್ನು ಇನ್ನೊಮ್ಮೆ ಜೋರಾಗಿ ಹೇಳಿದರೆ ಒಬ್ಬರಿಗೂ ಉಪಯೋಗವಿಲ್ಲ. ತಪ್ಪು ಉತ್ತರ ಹೇಗೆ ಬಂತು ಎಂದು ಗುರುತಿಸುವುದಕ್ಕಿಂತ ದೊಡ್ಡ ಕೌಶಲ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇನ್ನೊಂದಿಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

36 ಬರೆದವರ ಕೈಗೆ ಕಡ್ಡಿ ಕೊಡಿ: ಹತ್ತರ ಐದು ಕಟ್ಟು, ಎರಡು ಬಿಡಿ. ‘ಇದರಲ್ಲಿ 28 ಕೊಡು’ ಎನ್ನಿ. ಎರಡು ಕಟ್ಟು ಕೊಟ್ಟಾದ ಮೇಲೆ ಎಂಟು ಬಿಡಿಗೆ ಸಾಲದೆ ಬರುತ್ತದೆ. ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಲೇಬೇಕು. ಅವಸರಪಟ್ಟು ನೀವು ಬಿಚ್ಚಬೇಡಿ, ಮಗುವೇ ಬಿಚ್ಚಲಿ. ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಎಂಬ ರೂಢಿಯ ಮಾತನ್ನೂ ಬಿಡಿ, ಬಂದದ್ದು ಒಂದಲ್ಲ ಹತ್ತು ಎನ್ನುವುದೇ ಅದರಲ್ಲಿ ಮರೆಯಾಗುತ್ತದೆ. 34 ಬರೆದವರಿಗೆ ಕಡ್ಡಿ ಬೇಕಿಲ್ಲ. 5ನ್ನು ಹೊಡೆದು ಮೇಲೆ 4 ಬರೆಯದೆ ಕಳೆಯಲು ಶುರು ಮಾಡಬಾರದು ಎಂದು ಹೇಳಿ ಐದಾರು ಲೆಕ್ಕ ಮಾಡಿಸಿದರೆ ಸಾಕು. 80ರವರು ಮೊದಲು ಚಿಹ್ನೆಗೆ ಸುತ್ತು ಹಾಕಲಿ.

ಇವೆಲ್ಲ ಗಟ್ಟಿಯಾದ ಮೇಲಷ್ಟೇ 402–178ರಂಥ, ನಡುವೆ ಸೊನ್ನೆ ಬರುವ ಲೆಕ್ಕಕ್ಕೆ ಹೋಗಿ. ಅಲ್ಲಿ 274 ಬಂದರೆ, ಮಗು ನೂರರ ಮನೆಯಿಂದ ನೇರವಾಗಿ ಬಿಡಿಗೆ ಜಿಗಿದು, ಆಮೇಲೆ 0ಯಿಂದ 7 ಹೋಗದೆ 7ನ್ನೇ ಇಳಿಸಿದೆ ಎಂದು ತಿಳಿಯಿರಿ. ನೂರರ ಒಂದು ಕಟ್ಟು ಹತ್ತರ ಹತ್ತು ಕಟ್ಟಾಗಬೇಕು, ಅದರಲ್ಲೊಂದು ಕಟ್ಟು ಹತ್ತು ಬಿಡಿಯಾಗಬೇಕು. 3 ನೂರು, 9 ಹತ್ತು, 12 ಬಿಡಿ ಎಂದು ಬರೆಸಿದ ಮೇಲೆಯೇ ಕಳೆಯಲಿ: 224.

ಬಾಯಿಪ್ರಶ್ನೆ ಕೇಳುವಾಗ ಮೊದಲು ಹೆಸರು ಕರೆಯಬೇಡಿ. ಹೆಸರು ಕರೆದ ಕೂಡಲೇ ಉಳಿದವರೆಲ್ಲ ಯೋಚಿಸುವುದನ್ನು ನಿಲ್ಲಿಸುತ್ತಾರೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ.

ಪ್ರಶ್ನೆ: ದಿನವೂ 35 ನೋಟ್‌ಬುಕ್ ತಿದ್ದಲು ಸಮಯ ಸಾಲದು. ಏನು ಮಾಡಲಿ?
– ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ಎಲ್ಲ ಲೆಕ್ಕಕ್ಕೂ ರೈಟು ಹಾಕುತ್ತ ಕೂರಬೇಡಿ. ಕೊನೆಯ ಎರಡು ಲೆಕ್ಕವನ್ನಷ್ಟೇ ನೋಡಿ, ಪುಸ್ತಕಗಳನ್ನು ಮೂರು ಗುಂಪಾಗಿ ಪೇರಿಸಿ: ಬಂದಿದೆ, ಒಂದು ಹಂತದಲ್ಲಿ ಎಡವಿದ್ದಾರೆ, ಬುಡವೇ ಗೊತ್ತಿಲ್ಲ. ಎರಡನೇ ಗುಂಪಿನವರಿಗೆ ತಪ್ಪಿದ ಸಾಲಿನ ಕೆಳಗೆ ಗೆರೆ ಎಳೆಯಿರಿ, ಉತ್ತರ ಬರೆಯಬೇಡಿ, ಅವರೇ ತಿದ್ದಿಕೊಳ್ಳಲಿ. ಮಾರನೆಯ ದಿನ ಉಳಿದವರು ಅಭ್ಯಾಸ ಮಾಡುತ್ತಿರುವಾಗ ಮೊದಲ ಹತ್ತು ನಿಮಿಷ ಮೂರನೇ ಗುಂಪಿನ ಜೊತೆ ನೆಲದ ಮೇಲೆ ಕುಳಿತುಕೊಳ್ಳಿ. ಅಂಥವರು ಹತ್ತಕ್ಕಿಂತ ಹೆಚ್ಚಿದ್ದರೆ ಆ ಪಾಠವನ್ನು ಇಡೀ ತರಗತಿಗೆ ಇನ್ನೊಮ್ಮೆ, ಬೇರೆ ಬಗೆಯಲ್ಲಿ ಮಾಡಬೇಕಾಗುತ್ತದೆ.